ಗುಟ್ಟು ಕೇಳದೆ ಸ್ಕಾಲರ್‌ಶಿಪ್ ಕೊಡುವುದು ಹೇಗೆ

ನಾನು ಗಂಗಾವತಿಯ ಪದವಿ ಕಾಲೇಜೊಂದರಲ್ಲಿ ವಾಣಿಜ್ಯ ಕಲಿಸುತ್ತೇನೆ. ಸ್ಕಾಲರ್‌ಶಿಪ್ ಅರ್ಜಿಗಳೂ ನನ್ನ ಮೇಜಿಗೇ ಬರುತ್ತವೆ. ಹಳೆಯ ವಿದ್ಯಾರ್ಥಿಗಳಾಗಲಿ, ರೈಸ್ ಮಿಲ್ ಸಾಹುಕಾರರಾಗಲಿ ಲೈಂಗಿಕ ಅಲ್ಪಸಂಖ್ಯಾತ ಮಕ್ಕಳ ಓದಿಗೆ ನಿಧಿ ಮಾಡುತ್ತೇವೆ ಎಂದರೆ ನಾನು ಹೇಳುವುದು ಇಷ್ಟೇ: ದುಡ್ಡು ಕೂಡಿಸುವುದಕ್ಕಿಂತ, ಆ ಮಕ್ಕಳ ಗುಟ್ಟು ರಟ್ಟಾಗದಂತೆ ಅದನ್ನು ಮುಟ್ಟಿಸುವುದು ಕಷ್ಟ.

ಮೊದಲು ಸರ್ಕಾರದಲ್ಲಿ ಏನಿದೆ ನೋಡಿ. 2022ರಲ್ಲಿ ಶುರುವಾದ ಕೇಂದ್ರದ ಸ್ಮೈಲ್ ಯೋಜನೆಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ, ಅಂದರೆ ಟ್ರಾನ್ಸ್‌ಜೆಂಡರ್ ಮಕ್ಕಳಿಗೆ, ಒಂಬತ್ತನೇ ತರಗತಿಯಿಂದ ಸ್ನಾತಕೋತ್ತರದವರೆಗೆ ವಿದ್ಯಾರ್ಥಿವೇತನವಿದೆ. ಅದಕ್ಕೆ 2019ರ ಟ್ರಾನ್ಸ್‌ಜೆಂಡರ್ ಹಕ್ಕುಗಳ ರಕ್ಷಣಾ ಕಾಯ್ದೆಯಡಿ ಜಿಲ್ಲಾಧಿಕಾರಿ ಕೊಡುವ ಗುರುತಿನ ಪ್ರಮಾಣಪತ್ರ ಬೇಕು. ಅದಿರುವವರ ಜೊತೆ ಕೂತು ಅರ್ಜಿ ತುಂಬಿಸಿ. ಆಧಾರ್, ಅಂಕಪಟ್ಟಿ, ಪಾಸ್‌ಬುಕ್ ಮೂರರಲ್ಲೂ ಹೆಸರು ತಾಳೆಯಾಗುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ಸ್ಮೈಲ್ ಸಿಗದವರಿಗೆ ಜಾತಿ, ಆದಾಯದ ಮೇಲೆ ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಸಿಗುವ ಹಣವನ್ನು ಬಿಡಬೇಡಿ. ಗೇ, ಲೆಸ್ಬಿಯನ್, ಬೈಸೆಕ್ಷುಯಲ್ ಮಕ್ಕಳಿಗೆ ಸ್ಮೈಲ್‌ನಲ್ಲಿ ಜಾಗವಿಲ್ಲ. ನಿಮ್ಮ ನಿಧಿ ಅವರನ್ನು ಮರೆಯಬಾರದು.

ನಿಮ್ಮ ನಿಧಿಯ ಅರ್ಜಿಯಲ್ಲಿ ಪುರಾವೆ ಕೇಳಬೇಡಿ. "ಮೇಡಂ, ರೊಕ್ಕ ಬೇಕ್ರಿ, ಆದ್ರ ಮನ್ಯಾಗ ಗೊತ್ತಾದ್ರ ಕಾಲೇಜು ಬಿಡಸ್ತಾರ್ರಿ" ಅಂದಿದ್ದ ಒಬ್ಬ ಹುಡುಗ. ಅಂಥವನ ಹತ್ತಿರ ಯಾವ ಕಾಗದ ಕೇಳುತ್ತೀರಿ? ಅವನೇ ಬರೆದ ನಾಲ್ಕು ಸಾಲು, ಅವನನ್ನು ಬಲ್ಲ ಒಬ್ಬ ಮೇಷ್ಟ್ರ ಮಾತು ಸಾಕು. ಯಾರಾದರೂ ಸುಳ್ಳು ಹೇಳಿದರೆ? ಹೋಗುವುದು ಸ್ವಲ್ಪ ದುಡ್ಡು. ಪುರಾವೆಯ ಕಾಗದ ತಪ್ಪಿ ಯಾರದೋ ಕೈಗೆ ಸಿಕ್ಕರೆ ಆ ಹುಡುಗನ ಮನೆಯೇ ಹೋಗುತ್ತದೆ. ಅರ್ಜಿ ನೋಡುವವರು ಮೂವರಿಗಿಂತ ಹೆಚ್ಚು ಬೇಡ, ಅವರಲ್ಲಿ ಒಬ್ಬರಾದರೂ ಈ ಸಮುದಾಯದವರಿರಲಿ.

ನಿಧಿಯ ಹೆಸರು ಸಾದಾ ಇರಲಿ. 'ಹಳೆಯ ವಿದ್ಯಾರ್ಥಿಗಳ ಪ್ರೋತ್ಸಾಹಧನ' ಅಂದರೆ ಆಯಿತು. ನಮ್ಮ ಕಡೆ ಎಷ್ಟೋ ಮಕ್ಕಳ ಖಾತೆಗೆ ಅಪ್ಪನ ಮೊಬೈಲ್ ನಂಬರೇ ಜೋಡಣೆಯಾಗಿರುತ್ತದೆ. ಹಣ ಜಮಾ ಆದ ಕೂಡಲೇ ಮೆಸೇಜ್ ಹೊಲದಲ್ಲಿರುವ ಅಪ್ಪನಿಗೆ ಹೋಗುತ್ತದೆ, ಸಂಜೆ ಪ್ರಶ್ನೆ ಏಳುತ್ತದೆ. ಯಾರ ನಂಬರ್ ಇದೆ ಎಂದು ಕೇಳಿಕೊಂಡೇ ಹಣ ಹಾಕಿ; ಬೇಡವೆಂದರೆ ಫೀಸನ್ನು ನೇರ ಕಾಲೇಜಿಗೆ ಕಟ್ಟಿ. ಮನೆ ವಿಳಾಸಕ್ಕೆ ಪತ್ರ, ನೋಟಿಸ್ ಬೋರ್ಡಿನಲ್ಲಿ ಪಟ್ಟಿ, ಶಾಲು ಹೊದಿಸಿ ಫೋಟೋ, ಇವು ಯಾವುವೂ ಬೇಡವೇ ಬೇಡ. ದಾನಿಗಳಿಗೆ ಹೆಸರಿಲ್ಲದ ಲೆಕ್ಕ ಕೊಡಿ: ಎಷ್ಟು ಮಂದಿಗೆ, ಯಾವುದಕ್ಕೆ, ಎಷ್ಟು.

ಕೆಲವು ದಾನಿಗಳು ಹಿಂದೆಮುಂದೆ ನೋಡುತ್ತಾರೆ. ಅವರಿಗೆ ನಾನು ನಮ್ಮ ಜಿಲ್ಲೆಯ ಹುಲಿಗಿಯ ಗುಡಿಯನ್ನು ನೆನಪಿಸುತ್ತೇನೆ. ಅಲ್ಲಿ ಹುಲಿಗೆಮ್ಮನಿಗೆ ಮುಡಿಪಾಗಿ ಸೀರೆ ಉಡುವ ಜೋಗಪ್ಪಂದಿರಿಗೆ ಕೈಮುಗಿಯುವ ನಾವು, ಅಂಥದ್ದೇ ಮಗು ಬಿ.ಕಾಂ.ಗೆ ಸೇರಿದರೆ ಪಕ್ಕದ ಬೆಂಚು ಖಾಲಿ ಬಿಡುತ್ತೇವೆ. ಇದು ನನಗೆ ಸಹಿಸಲಾಗದ ಸಂಗತಿ. ಜಾನಪದ ಅಕಾಡೆಮಿಯ ಅಧ್ಯಕ್ಷೆಯಾಗಿದ್ದ, 2021ರಲ್ಲಿ ಪದ್ಮಶ್ರೀ ಪಡೆದ ಟ್ರಾನ್ಸ್‌ಜೆಂಡರ್ ಕಲಾವಿದೆ ಮಂಜಮ್ಮ ಜೋಗತಿ ನಮ್ಮ ಬಳ್ಳಾರಿ ಸೀಮೆಯವರೇ ಎಂದೂ ಹೇಳುತ್ತೇನೆ.

ಎಲ್ಲವನ್ನೂ ಫೀಸಿಗೇ ಕಟ್ಟಿ ಖಾಲಿ ಮಾಡಬೇಡಿ. ಮನೆಯಿಂದ ಹೊರಬಿದ್ದವರಿಗೆ ರೂಮಿನ ಅಡ್ವಾನ್ಸ್, ಮೆಸ್ಸು, ಬಸ್ ಪಾಸು ಅದೇ ದಿನ ಬೇಕು. ಸಭೆ ಕರೆಯದೆ ಕೊಡಬಹುದಾದ ಒಂದು ಪಾಲು ಬೇರೆ ತೆಗೆದಿಡಿ. ಮುಂದಿನ ವರ್ಷಕ್ಕೆ ನವೀಕರಿಸುವಾಗ ಇಷ್ಟೇ ಪರ್ಸೆಂಟ್ ಬರಬೇಕು ಎಂಬ ಷರತ್ತು ಹಾಕಬೇಡಿ. ಮನೆ ಬಿಟ್ಟ ವರ್ಷ ಒಂದೆರಡು ವಿಷಯ ಬಾಕಿ ಉಳಿದೇ ಉಳಿಯುತ್ತವೆ. ಆ ಬಾಕಿ ವಿಷಯಗಳ ಪರೀಕ್ಷಾ ಶುಲ್ಕವನ್ನೂ ನಿಧಿಯಿಂದಲೇ, ದಂಡ ಬೀಳುವ ಮೊದಲೇ ಕಟ್ಟಿಬಿಡಿ.