ಹದಿನಾರು ಹುಣಸೆ ಬೀಜ ಮತ್ತು ಲಕ್ಕಿ ಎಣ್ಣೆ

ನೋವನ್ನು ಹುಣಸೆ ಬೀಜದಲ್ಲಿ ಅಳೆಯುತ್ತೇನೆ ಅಂದಾಗ ನಮ್ಮ ಫಾರ್ಮಸಿ ಕಾಲೇಜಿನಲ್ಲಿ ಒಬ್ಬರೂ ಒಪ್ಪಲಿಲ್ಲ. ಈಗ ಎರಡು ಹಂಗಾಮಿನ ಲೆಕ್ಕ ನನ್ನ ಕೈಯಲ್ಲಿದೆ.

ಗಂಗಾವತಿ ಸುತ್ತ ಭತ್ತ ನಾಟಿ ಮಾಡುವ ಹೆಣ್ಣುಮಕ್ಕಳು ಮೊಣಕಾಲಿಗೆ ಲಕ್ಕಿ ಸೊಪ್ಪಿನ ಎಣ್ಣೆ ತಿಕ್ಕುವುದು ಹಳೇ ರೂಢಿ. ಇಲಿಗಳ ಮೇಲೆ ಲಕ್ಕಿಯ ಪರೀಕ್ಷೆ ಬೇಕಾದಷ್ಟು ಆಗಿವೆ. ನನಗೆ ಈ ತಾಯಂದಿರ ಲೆಕ್ಕ ಬೇಕಿತ್ತು. ಎಥಿಕ್ಸ್ ಕಮಿಟಿ ಒಪ್ಪಿಗೆಗೇ ಏಳೆಂಟು ತಿಂಗಳು ಹೋಯಿತು.

ಮೊದಲ ಸಲ ಎಣ್ಣೆಯೇ ಕೆಟ್ಟಿತು. ಅರೆದ ಸೊಪ್ಪು, ಎಣ್ಣೆ, ದ್ರವದ ಅಳತೆ 1:4:16 ಸರಿಯಾಗೇ ಇತ್ತು. ಆತುರದಲ್ಲಿ ಬೇಗ ಇಳಿಸಿಬಿಟ್ಟೆ. ಬತ್ತಿ ಅದ್ದಿ ಹಚ್ಚಿದರೆ ಚಟಪಟ ಅನ್ನುತ್ತಿತ್ತು, ಅಂದರೆ ನೀರು ಉಳಿದಿತ್ತು. ಮೂರೇ ವಾರಕ್ಕೆ ಕಮಟು ವಾಸನೆ. ಒಂಬತ್ತು ಕೆಜಿ ಎಳ್ಳೆಣ್ಣೆ, ಸುಮಾರು ಮೂರು ಸಾವಿರ ರೂಪಾಯಿ ಹೋಯಿತು. ಆಮೇಲೆ ಬೆಳಿಗ್ಗೆ ಕೊಯ್ದ ಹಸಿ ಸೊಪ್ಪನ್ನೇ ಬಳಸಿದೆ, ಬತ್ತಿ ಸದ್ದಿಲ್ಲದೆ ಉರಿಯುವವರೆಗೂ ಒಲೆ ಬಿಡಲಿಲ್ಲ.

ಎರಡನೇ ತಪ್ಪು ಇನ್ನೂ ದೊಡ್ಡದು. ನಾಟಿ ಹಂಗಾಮಿನಲ್ಲಿ ಬೆಳಿಗ್ಗೆ ಹತ್ತಕ್ಕೆ ಬನ್ನಿ ಅಂದೆ. ಕೂಲಿ ಬಿಟ್ಟು ಯಾರು ಬರುತ್ತಾರೆ? ಆಮೇಲೆ ಸಂಜೆ ಏಳರ ನಂತರ ನಾನೇ ಮನೆಮನೆಗೆ ಹೋದೆ. ಪೆಟ್ರೋಲು, ಬಾಟಲಿ, ಎಣ್ಣೆ ಸೇರಿ ಅರವತ್ತು ಸಾವಿರದ ಮೇಲೆ ಕೈಯಿಂದ ಖರ್ಚಾಯಿತು.

ನೋವು ಅಳೆಯಲು ಮೊದಲು ಹತ್ತು ಸೆಂಟಿಮೀಟರ್ ಗೆರೆ ಕೊಟ್ಟಿದ್ದೆ, ಒಂದು ತುದಿ ಅಂದರೆ ನೋವೇ ಇಲ್ಲ, ಇನ್ನೊಂದು ತುದಿ ಅಂದರೆ ತಡೆಯಲಾರದ ನೋವು. ಎಲ್ಲರೂ ನಡುವೆಯೇ ಗುರುತು ಹಾಕಿದರು. ಆಗ ಒಬ್ಬ ಅಜ್ಜಿ, "ಯಪ್ಪಾ, ರೂಪಾಯಿದಾಗ ಎಂಟಾಣೆ ಕಮ್ಮಿ ಆಗೈತಿ, ಇನ್ನ ಎಂಟಾಣೆ ಉಳಿದೈತಿ" ಅಂದರು. ನನಗೆ ಅಷ್ಟು ಸಾಕಾಯಿತು! ಹಳೇ ರೂಪಾಯಿಗೆ ಹದಿನಾರು ಆಣೆ ಅಲ್ವಾ, ಮರುದಿನ ಹದಿನಾರು ಹುಣಸೆ ಬೀಜ ಕೊಟ್ಟು, ಎಷ್ಟು ಆಣೆ ನೋವು ಉಳಿದಿದೆಯೋ ಅಷ್ಟು ಬೀಜ ತೆಗೆದಿಡಿ ಅಂದೆ. ಎಣ್ಣೆ ಹಚ್ಚುವ ಮೊದಲು ಅದೇ ಸಂಜೆ ಎರಡು ಸಲ ಕೇಳಿದೆ. ಹೆಚ್ಚಿನವರು ಒಂದು ಬೀಜಕ್ಕಿಂತ ಆಚೀಚೆ ಹೋಗಲಿಲ್ಲ. ಕುರ್ಚಿಯಿಂದ ಐದು ಸಲ ಏಳುವ ಸಮಯವನ್ನೂ ಗಡಿಯಾರದಲ್ಲಿ ನೋಡಿದೆ. ಬೀಜ ಕಡಿಮೆಯಾದ ಹಾಗೆ ಸೆಕೆಂಡೂ ಕಡಿಮೆಯಾಯಿತು. ಅಂಕಿಅಂಶದವರು ಆಮೇಲೆ ಸುಮ್ಮನಾದರು.

ಇನ್ನು ವಾಸನೆ. ಹೋಲಿಸಿ ನೋಡಲು ಒಂದು ಗುಂಪಿಗೆ ಲಕ್ಕಿ ಇಲ್ಲದ ಬರೀ ಎಳ್ಳೆಣ್ಣೆ ಕೊಟ್ಟಿದ್ದೆ, ಯಾರದು ಯಾವುದು ಅಂತ ಅವರಿಗೆ ಗೊತ್ತಾಗಬಾರದಿತ್ತು. ಲಕ್ಕಿಯ ವಾಸನೆ ಮೂಗಿಗೆ ಬಂದ ತಕ್ಷಣ ಗುರುತು ಸಿಗುತ್ತದೆ ಅಲ್ವಾ? ಬರೀ ಎಳ್ಳೆಣ್ಣೆ ಬಾಟಲಿಗೂ ಅಂಥದ್ದೇ ಬಣ್ಣ, ವಾಸನೆ ಬರಬೇಕಿತ್ತು. ಅದನ್ನು ಹೇಗೆ ಮಾಡಿದೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ, ಮುಂದಿನ ಟ್ರಯಲ್‌ಗೂ ಬೇಕು. ಕೊನೆಗೆ ನಿಮ್ಮದು ಯಾವ ಎಣ್ಣೆ ಅಂತ ಕೇಳಿದಾಗ ಸರಿ ಹೇಳಿದವರು ಅರ್ಧದಷ್ಟೇ, ಅಂದರೆ ಬರೀ ಊಹೆ.

ನಡುವೆ ಗುಂಟೂರು ಮೆಣಸಿನಕಾಯಿ ಎಣ್ಣೆಯನ್ನೂ ನನ್ನ ಮೊಣಕಾಲಿಗೆ ಹಚ್ಚಿ ನೋಡಿದೆ. ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ಬಗ್ಗೆ ಆಸೆ ಜಾಸ್ತಿ ಇತ್ತು. ಅದು ಹಿಡಿಯುವ, ಉರಿ ಗುರುತಿಸುವ ನರದ ರಿಸೆಪ್ಟರ್ ಅನ್ನು 1997ರಲ್ಲಿ ತೋರಿಸಿದ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಬಂತಲ್ಲ. ಆದರೆ ಉರಿಯೇ ಗುಟ್ಟು ಬಿಟ್ಟುಕೊಡುತ್ತದೆ. ಅಲ್ಲಿಗೇ ಕೈಬಿಟ್ಟೆ.

ನಲವತ್ತು ಜನ ಸೇರಿದ್ದರು, ಆರು ಜನ ನಡುವೆ ಬಿಟ್ಟರು. ನೆನಪಿನಲ್ಲಿರುವ ಲೆಕ್ಕ ಹೇಳುತ್ತೇನೆ. ಎರಡೂ ಗುಂಪು ಹನ್ನೊಂದು ಆಣೆ ನೋವಿನಿಂದ ಶುರು ಮಾಡಿದವು. ನಾಲ್ಕು ವಾರಕ್ಕೆ ಲಕ್ಕಿ ಹಚ್ಚಿದವರು ಐದೂವರೆಗೆ ಬಂದರು, ಬರೀ ಎಣ್ಣೆಯವರು ಎಂಟಕ್ಕೆ. ತಿಕ್ಕಿದ್ದಕ್ಕೇ ಮೂರಾಣೆ ಹೋಗಿದೆ, ಅದನ್ನೂ ಬರೆದೇ ಕಳಿಸಿದೆ. ಲಕ್ಕಿಯ ಪಾಲು ಉಳಿದ ಎರಡೂವರೆ ಆಣೆ. ಅಜ್ಜಿಯದು ಲಕ್ಕಿ ಬಾಟಲಿಯೇ ಆಗಿತ್ತು. ಮೊನ್ನೆ ಹೋದಾಗ ಮೂರು ಬೀಜ ತೆಗೆದಿಟ್ಟರು.