ಒಂಬತ್ತು ಇನಿಂಗ್ಸ್ ನಿಂತ ಗಿರಿಜಾ ಮೀಸೆ

ಮನೆಯಲ್ಲಿ ಕಾಯಿಸಿದ ಮೀಸೆ ಮೇಣ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಊರಿನ ಬಿಸಿಲಿಗೆ ನಿಲ್ಲುವುದಿಲ್ಲ ಎಂದು ನಮ್ಮ ಮೀಸೆ ಬಳಗದಲ್ಲಿ ಪಂಥ ಕಟ್ಟಿದವರೇ ಹೆಚ್ಚು. ಕಳೆದ ಬೇಸಿಗೆಯಲ್ಲಿ ಅಥ್ಲೆಟಿಕ್ಸ್ ಎಂಬ ಬೇಸ್‌ಬಾಲ್ ತಂಡದ ಮಧ್ಯಾಹ್ನದ ಪಂದ್ಯಕ್ಕೆ ಹೋಗಿ, ನೆರಳಿಲ್ಲದ ಅಗ್ಗದ ಸೀಟಿನಲ್ಲಿ ಕೂತು ಬಂದಿದ್ದೇನೆ. ಕೊನೆಯದಾದ ಒಂಬತ್ತನೆಯ ಇನಿಂಗ್ಸ್ ಮುಗಿದಾಗಲೂ ಎರಡೂ ತುದಿಗಳು ಸುರುಳಿ ಬಿಟ್ಟಿರಲಿಲ್ಲ. ನಡುವೆ ಒಮ್ಮೆಯೂ ಬೆರಳು ಹಚ್ಚಿಲ್ಲ. ಫೋಟೊ ಇದೆ, ಪಂಥ ಸೋತವರಿಬ್ಬರು ಪಕ್ಕದಲ್ಲೇ ಕೂತಿದ್ದರು. ಹೀಗಾಗಿ ಹೇಗೆ ಮಾಡಿದೆ ಎಂದು ಹೇಳುವ ಅಧಿಕಾರ ನನಗಿದೆ.

ಮಾದರಿ ಇದೇ ತಂಡದ ಹಳೆಯ ಪಿಚರ್ (ಚೆಂಡು ಎಸೆಯುವವ) ರೋಲಿ ಫಿಂಗರ್ಸ್‌ನದು. ಬೇಸ್‌ಬಾಲ್‌ನಲ್ಲಿ ಮೀಸೆಗೆ ಬರವಿಲ್ಲ. ಗೂಸ್ ಗಾಸೇಜ್‌ನದು ಬಾಯಿಯ ಎರಡೂ ಬದಿಗೆ ದವಡೆಯವರೆಗೆ ಇಳಿದ ಮೀಸೆ. ಅದಕ್ಕೆ ಒಳ್ಳೆಯ ರೇಜರ್ ಇದ್ದರೆ ಆಯಿತು. ಕೀತ್ ಹೆರ್ನಾಂಡೆಸ್‌ನದಕ್ಕೆ ಅಪ್ಪ ಕೊಟ್ಟ ದಟ್ಟ ಕೂದಲು ಮತ್ತು ಕತ್ತರಿ ಸಾಕು. ಥರ್ಮನ್ ಮನ್ಸನ್‌ನದನ್ನು ಸುಮ್ಮನೆ ಬಿಟ್ಟರೆ ತಾನೇ ಬೆಳೆಯುತ್ತದೆ. ಕೈಕೆಲಸ ಬೇಡುವುದು ಫಿಂಗರ್ಸ್‌ನ ಮೀಸೆ ಮಾತ್ರ: ತೆಳ್ಳಗೆ, ನಡುವೆ ಬೈತಲೆ, ತುದಿ ಮೇಲಕ್ಕೆ ಸುತ್ತಿ ಪುಟ್ಟ ಬಳೆ. ಅದೂ ಪಿಚರ್‌ನ ಮುಖದ ಮೇಲೆ, ಬೆವರಿನಲ್ಲಿ.

ಆ ಮೀಸೆ ಹುಟ್ಟಿದ್ದೇ ದುಡ್ಡಿಗೆ. 1972ರಲ್ಲಿ ಫಿಂಗರ್ಸ್‌ನ ಜೊತೆಯಾಟಗಾರ ರೆಜ್ಜಿ ಜ್ಯಾಕ್ಸನ್ ಮೀಸೆ ಬಿಟ್ಟುಕೊಂಡು ತರಬೇತಿ ಶಿಬಿರಕ್ಕೆ ಬಂದ. ಆಗ ಆಟಗಾರರು ನುಣ್ಣಗೆ ಬೋಳಿಸಿಕೊಂಡೇ ಕಣಕ್ಕಿಳಿಯುವುದು ಹಲವು ದಶಕಗಳ ರೂಢಿ. 1936ರಲ್ಲಿ ಬ್ರೂಕ್ಲಿನ್ ತಂಡದ ಫ್ರೆಂಚಿ ಬೋರ್ಡಗರೆ ಮೀಸೆ ಬಿಟ್ಟಿದ್ದಕ್ಕೆ ಅದನ್ನು ತೆಗೆಸಿದ್ದರು. ಉಳಿದವರೂ ಬೆಳೆಸಿದರೆ ರೆಜ್ಜಿಗೆ ಅದರ ಮೇಲಿನ ಆಸೆ ಹೋಗುತ್ತದೆ ಎಂಬುದು ಆಗ ಓಕ್ಲೆಂಡ್‌ನಲ್ಲಿದ್ದ ಅಥ್ಲೆಟಿಕ್ಸ್ ತಂಡದ ಮಾಲೀಕ ಚಾರ್ಲಿ ಫಿನ್ಲಿಯ ಲೆಕ್ಕಾಚಾರವಾಗಿತ್ತು ಎನ್ನುತ್ತಾರೆ. ಲೆಕ್ಕ ತಲೆಕೆಳಗಾಯಿತು. ವ್ಯಾಪಾರಿ ಮನುಷ್ಯ, ಅದರಲ್ಲೂ ಲಾಭ ಕಂಡ. ಜೂನ್ ತಿಂಗಳ ಅಪ್ಪಂದಿರ ದಿನದೊಳಗೆ ಮೀಸೆ ಬೆಳೆಸಿದವರಿಗೆ ತಲಾ 300 ಡಾಲರ್ ಎಂದ, ಆ ದಿನ ಮೀಸೆಯಿದ್ದ ಪ್ರೇಕ್ಷಕರಿಗೆ ಪುಕ್ಕಟೆ ಪ್ರವೇಶ ಕೊಟ್ಟ. ಇಂದಿನ ಬೆಲೆಯಲ್ಲಿ ಆ 300 ಡಾಲರ್ ಎರಡು ಸಾವಿರ ದಾಟುತ್ತದೆ. ನಾನು ಇಲ್ಲಿಯವರೆಗೆ ಮೇಣ, ಬಾಚಣಿಗೆ, ರಾಳ ಎಂದು ಕೈಯಿಂದ ಸುರಿದದ್ದು ಹೆಚ್ಚುಕಡಿಮೆ 400. ನನಗೆ ಯಾವ ಫಿನ್ಲಿಯೂ ಸಿಗಲಿಲ್ಲ.

ಬೆಳೆಸುವ ವಿಷಯ ನಿಮಗೆಲ್ಲ ಗೊತ್ತಿದೆ, ಎರಡು ಮಾತು ಸಾಕು. ಮೊದಲನೆಯದು, ನಡುವಿನ ಕೂದಲಿಗೆ ಕತ್ತರಿ ಹಾಕಬೇಡಿ. ಮೂರನೆಯ ತಿಂಗಳಿನಿಂದ ಐದನೆಯ ತಿಂಗಳವರೆಗೆ ಅನ್ನದ ಜೊತೆ ಮೀಸೆಯನ್ನೂ ಅಗಿಯುತ್ತಿರುತ್ತೀರಿ. ಬಹಳ ಮಂದಿ ಕತ್ತರಿ ಹಿಡಿಯುವುದು ಆಗಲೇ. ಎರಡನೆಯದು, ಬಾಯಿಯ ಅಂಚಿನಿಂದ ಆಚೆಗಿನ ಕೂದಲನ್ನು ಸೇರಿಸಿಕೊಳ್ಳಬೇಡಿ. ಕೆನ್ನೆಯ ಕೂದಲು ಸೇರಿದರೆ ಮೀಸೆ ದಪ್ಪಗಾಗಿ ಪೊಲೀಸ್ ಪೇದೆಯದಾಗುತ್ತದೆ, ಫಿಂಗರ್ಸ್‌ನದಾಗುವುದಿಲ್ಲ. ಮೈಸೂರಿಗೆ ಹೋದಾಗ ನಮ್ಮ ಹಳೆಯ ಕ್ಷೌರದಂಗಡಿಯವರು ಮುಟ್ಟಿ ನೋಡಿ, "ಸಾರ್, ನಿಮ್ಮದು ಒರಟು ಕೂದಲು, ಹುರಿ ಕೂರುವುದಿಲ್ಲ. ಸುಮ್ಮನೆ ಟ್ರಿಮ್ ಮಾಡಿಬಿಡಲೇ?" ಎಂದರು. ಒರಟು ಕೂದಲೇ ಒಳ್ಳೆಯದು ಎಂದು ಈಗ ಹೇಳಬಲ್ಲೆ. ಬಾಗಿಸುವುದು ಕಷ್ಟ, ಬಾಗಿದ ಮೇಲೆ ಮಾತು ತಪ್ಪುವುದಿಲ್ಲ.

ನಿಜವಾದ ಜಗಳ ಮೇಣದ್ದು. ಅಂಗಡಿಯ ಡಬ್ಬಿಗಳು ಹದಿನೈದರಿಂದ ಇಪ್ಪತ್ತು ಡಾಲರ್, ಇರುವುದು ಎರಡು ಚಮಚ ಮೇಣ. ಚಳಿಗಾಲದಲ್ಲಿ ಎಲ್ಲವೂ ಚೆನ್ನಾಗಿವೆ. ಮೂವತ್ತು ಡಿಗ್ರಿ ದಾಟಿತೆಂದರೆ ಒಂದು ತುದಿ ಗಡಿಯಾರದ ನಾಲ್ಕು ಗಂಟೆ ತೋರಿಸುತ್ತದೆ, ಇನ್ನೊಂದು ಎಂಟು. ಜೇನುಮೇಣ ಕರಗುವುದು 62–64 ಡಿಗ್ರಿಯಲ್ಲಿ, ಆದರೆ ಮೆತ್ತಗಾಗುವುದು ಮೈಬಿಸಿಗೇ. ಅದಕ್ಕೆ ಕೊಬ್ಬರಿ ಎಣ್ಣೆ ಬೆರೆಸುವವರಿಗೆ ನನ್ನದೊಂದು ಪ್ರಶ್ನೆ: 25 ಡಿಗ್ರಿಗೆ ನೀರಾಗುವ ಎಣ್ಣೆಯಿಂದ ಏನನ್ನು ನಿಲ್ಲಿಸುತ್ತೀರಿ?

ಮೊದಲ ಸುತ್ತಿನಲ್ಲಿ ಜೇನುಮೇಣ ಹೆಚ್ಚಿಸಿ ಎಣ್ಣೆ ಇಳಿಸಿದೆ. ಗಟ್ಟಿಯೇನೋ ಆಯಿತು, ಹಚ್ಚಿದರೆ ಉಂಡೆಯುಂಡೆಯಾಗಿ ಕೂದಲಿಗೆ ಕೂತಿತು. ಆಮೇಲೆ ಅಗಸೆ ಬೀಜದ ಲೋಳೆ. ಮನೆಯೊಳಗೆ ಅದ್ಭುತ, ಹೊರಗೆ ಹತ್ತು ಹೆಜ್ಜೆ ನಡೆದು ಬೆವರಿದರೆ ಮುಗಿಯಿತು. ಅನಂತರ ತಲೆಗೆ ಬಂದದ್ದು ರಾಳ. ಪಿಚರ್‌ಗಳು ಚೆಂಡಿನ ಹಿಡಿತಕ್ಕೆ ತಾವು ನಿಂತು ಎಸೆಯುವ ದಿಬ್ಬದ ಹಿಂದೆ ರಾಳದ ಚೀಲ ಇಟ್ಟುಕೊಂಡಿರುತ್ತಾರಲ್ಲ, ಆಟದ ಸಾಮಾನಿನ ಅಂಗಡಿಯಲ್ಲಿ ಐದಾರು ಡಾಲರ್. ಫಿಂಗರ್ಸ್‌ನ ಮೀಸೆಗೆ ಪಿಚರ್‌ನ ರಾಳ, ಎಷ್ಟು ಚೆನ್ನಾಗಿ ಹೊಂದುತ್ತದೆ ಎಂದು ಹಿಗ್ಗಿದೆ. ನಾನು ತಂದ ಚೀಲದಲ್ಲಿ ಮೆಗ್ನೀಸಿಯಮ್ ಕಾರ್ಬೊನೇಟ್ ಪುಡಿಯೂ ಬೆರೆತಿತ್ತು. ಮೇಣದಲ್ಲಿ ಅದು ಕರಗುವುದೇ ಇಲ್ಲ. ತಳದಲ್ಲಿ ಸುಣ್ಣದಂತಹ ಗಸಿ ನಿಂತಿತು, ಮೀಸೆ ಬೆಳ್ಳಗಾಗಿ ಹತ್ತು ವರ್ಷ ವಯಸ್ಸಾದವನಂತೆ ಕಂಡೆ. ಇಡೀ ಪಾಕ ಕಸಕ್ಕೆ.

ಕೊನೆಗೆ ಕೆಲಸಕ್ಕೆ ಬಂದದ್ದು ಮಗಳು ಪಿಟೀಲಿನ ಕಮಾನಿಗೆ ಉಜ್ಜುವ ರಾಳ. ಅಪ್ಪಟ, ಜೇನಿನ ಬಣ್ಣ. ಕುಟ್ಟಾಣಿಯಲ್ಲಿ ಪುಡಿ ಮಾಡಿ, ಕುದಿಯುವ ನೀರಿನ ಪಾತ್ರೆಯೊಳಗೆ ಬಟ್ಟಲಿಟ್ಟು, ಕರಗಿದ ಜೇನುಮೇಣಕ್ಕೆ ಚಿಟಿಕೆ ಚಿಟಿಕೆಯಾಗಿ ಬಿಡಬೇಕು. ನೇರ ಉರಿಯ ಮೇಲೆ ಇಡಬೇಡಿ, ರಾಳಕ್ಕೆ ಬೆಂಕಿ ಹತ್ತುತ್ತದೆ. ಅವಸರ ಬೇಡ, ಮುಕ್ಕಾಲು ಗಂಟೆ ಸತಾಯಿಸುತ್ತದೆ. "ರೀ, ಒಗ್ಗರಣೆ ಬಟ್ಟಲೇ ಬೇಕಿತ್ತಾ?" ಎಂದು ಹೆಂಡತಿ ಕೇಳಿದಳು. ಹೊಸ ಒಗ್ಗರಣೆ ಬಟ್ಟಲು, ಮಗಳಿಗೆ ಹೊಸ ರಾಳ, ಇವೆರಡೂ ಮೇಲಿನ 400ರಲ್ಲಿ ಸೇರಿವೆ. ರಾಳ ಜಾಸ್ತಿಯಾದರೆ ಮೇಲ್ದುಟಿಯಲ್ಲಿ ಕೆಂಪು ಗುಳ್ಳೆ ಏಳುತ್ತದೆ, ನನಗೆ ವಾರವಿಡೀ ಉರಿಯಿತು. ಐದು ಪಾಲು ಜೇನುಮೇಣಕ್ಕೆ ಒಂದು ಪಾಲು ದಾಟಬೇಡಿ. ತೆಗೆಯಲು ಸೋಪು ಕೈಲಾಗದ್ದು. ಕೊಬ್ಬರಿ ಎಣ್ಣೆಗೆ ಇಲ್ಲಿ ಕೆಲಸ ಉಂಟು.

ಇಷ್ಟಕ್ಕೇ ಮೂವತ್ತೈದು ಡಿಗ್ರಿಯವರೆಗೆ ತಂದೆ. ಅದರಾಚೆಗೆ ದಾಟಿಸಿದ್ದು ಕಾರ್ನೌಬಾ ಮೇಣ. ಕಾರಿನ ಪಾಲಿಶ್‌ನಲ್ಲಿ ಹಾಕುವ ತಾಳೆ ಜಾತಿಯ ಎಲೆಯ ಮೇಣ, ಕರಗುವುದು 82 ಡಿಗ್ರಿಯ ಮೇಲೆ. ಒಂದೇ ಹಾಕಿದರೆ ಪುಡಿಪುಡಿಯಾಗಿ ಅಂಗಿಯ ಮೇಲೆ ಉದುರುತ್ತದೆ. ಎಷ್ಟು ಹಾಕುತ್ತೇನೆ, ಜೊತೆಗೆ ಮೆತ್ತಗಿರಲು ಏನನ್ನು ಸೇರಿಸುತ್ತೇನೆ ಎಂಬುದು ನನ್ನಲ್ಲೇ ಇರಲಿ. ಧಾರವಾಡದ ಕಡೆಯ ಹಿರಿಯರೊಬ್ಬರು ತಮ್ಮ ಕಲ್ಲಿಮೀಸೆಗೆ ಹಚ್ಚುತ್ತಿದ್ದುದನ್ನು ನೋಡಿ ಕಲಿತದ್ದು ಎಂದಷ್ಟೇ ಹೇಳಬಲ್ಲೆ. ಹಚ್ಚುವಾಗ ಉಗುರಿನ ಹಿಂಬದಿಯಲ್ಲಿ ಕಡಲೆಕಾಳಿನಷ್ಟು ಕೆರೆದು, ಹೇರ್ ಡ್ರೈಯರ್‌ನ ಬಿಸಿಗಾಳಿ ತಾಗಿಸಿ, ಬೇರಿನಿಂದ ತುದಿಗೆ ಎಳೆದು, ಪೆನ್ಸಿಲ್‌ಗೆ ಸುತ್ತಿ, ತಣ್ಣನೆಯ ಗಾಳಿಗೆ ಬದಲಿಸಿ ಅರ್ಧ ನಿಮಿಷ. ತಣಿಯುವ ಮೊದಲು ಪೆನ್ಸಿಲ್ ಎಳೆದರೆ ಎಲ್ಲ ಮೊದಲಿನಿಂದ.

ನಡುವೆ ಬೇರೆ ಹುಚ್ಚಾಟಗಳೂ ನಡೆದವು. ಬಿಸಿ ಕಾಫಿಯ ಹಬೆಗೆ ಬಲತುದಿ ಇಳಿದು ನೊರೆಯೊಳಗೆ ಮುಳುಗುತ್ತಿತ್ತು. ವಿಕ್ಟೋರಿಯಾ ಕಾಲದ ಇಂಗ್ಲೆಂಡಿನಲ್ಲಿ ಮೀಸೆಯವರಿಗೆಂದೇ ಒಳಗೆ ಅಡ್ಡಪಟ್ಟಿಯಿರುವ ಕಪ್‌ಗಳನ್ನು ಮಾಡುತ್ತಿದ್ದರು. ಹಳೆಯ ಸಾಮಾನಿನ ಸಂತೆಯಲ್ಲಿ ಅರವತ್ತು ಡಾಲರ್ ಕೊಟ್ಟು ಒಂದನ್ನು ತಂದೆ. ಚಹಾಕ್ಕೆ ಚೆನ್ನ. ಫಿಲ್ಟರ್ ಕಾಫಿಯ ನೊರೆ ಪಟ್ಟಿಯ ಹಿಂದೆಯೇ ಉಳಿದುಬಿಡುತ್ತದೆ, ನೊರೆಯಿಲ್ಲದ ಕಾಫಿ ನನಗೆ ಬೇಡ. ಈಗ ಅದರಲ್ಲಿ ಪೆನ್ಸಿಲ್‌ಗಳಿವೆ. ಬೇಸರವಾಗಿ ಕೆಲವು ವಾರ ಗಾಸೇಜ್ ಶೈಲಿಗೂ ಇಳಿಸಿದ್ದೆ. ವಿಡಿಯೊ ಕರೆಯಲ್ಲಿ ಕಂಡ ಅಮ್ಮ, "ಮೊದಲು ಅದನ್ನು ಬೋಳಿಸಿಕೊಂಡು ಬಾ, ಆಮೇಲೆ ಮಾತಾಡೋಣ" ಎಂದು ಫೋನ್ ಇಟ್ಟೇಬಿಟ್ಟರು. ಗಾಸೇಜ್ ಅದನ್ನು ಬೆಳೆಸಿದ್ದು ತನ್ನ ತಂಡ ಯಾಂಕೀಸ್‌ನ ಮಾಲೀಕ ಸ್ಟೈನ್‌ಬ್ರೆನ್ನರ್‌ನನ್ನು ಕೆಣಕಲು. ಆ ತಂಡದಲ್ಲಿ ಗಡ್ಡಕ್ಕೆ ನಿಷೇಧವಿತ್ತು, ಮೀಸೆಗೆ ಮಾತ್ರ ವಿನಾಯಿತಿ. ಗಡ್ಡಕ್ಕೆ ಒಪ್ಪಿಗೆ ಸಿಕ್ಕಿದ್ದು 2025ರಲ್ಲಿ.

ಫಿಂಗರ್ಸ್‌ನ ಹಠ ನನಗೆ ಇಷ್ಟವಾಗುವುದು ಮುಂದಿನ ಸಂಗತಿಗೆ. 1972ರ ವಿಶ್ವ ಸರಣಿಯಲ್ಲಿ, ಅಂದರೆ ಆ ವರ್ಷದ ಅಂತಿಮ ಹಣಾಹಣಿಯಲ್ಲಿ, ಫಿಂಗರ್ಸ್‌ನ ತಂಡಕ್ಕೆ ಎದುರಾಳಿ ಸಿನ್ಸಿನಾಟಿ ರೆಡ್ಸ್, ಅವರಲ್ಲಿ ಎಲ್ಲರದೂ ಬೋಳು ಮುಖ. ಏಳನೆಯ ಪಂದ್ಯದ ಕೊನೆಯ ಎಸೆತ ಫಿಂಗರ್ಸ್‌ನದು, ಔಟಾದವನು ಪೀಟ್ ರೋಸ್. 1986ರಲ್ಲಿ ಅದೇ ರೋಸ್ ರೆಡ್ಸ್ ವ್ಯವಸ್ಥಾಪಕನಾಗಿ ಫಿಂಗರ್ಸ್‌ನನ್ನು ತಂಡಕ್ಕೆ ಕರೆದ. ತಂಡದ ನಿಯಮದಂತೆ ಮೀಸೆ ತೆಗೆಯಬೇಕಿತ್ತು. ಒಲ್ಲೆ ಎಂದು ಆಟವನ್ನೇ ಬಿಟ್ಟ. ರೆಡ್ಸ್ ಆ ನಿಯಮ ಕೈಬಿಟ್ಟದ್ದು 1999ರಲ್ಲಿ.

ಪಂದ್ಯದ ದಿನ ಬೆಳಿಗ್ಗೆ ಎಂಟಕ್ಕೇ ಮೇಣ ಹಚ್ಚಿ, ಕಾರಿನಲ್ಲಿ ಎಸಿ ಹಾಕದೆ ಹೋದೆ. ತಂಪಿನಿಂದ ಒಮ್ಮೆಲೇ ಬಿಸಿಲಿಗೆ ಬಂದರೆ ಮೀಸೆಯ ಮೇಲೆ ತೇವ ಕೂರುತ್ತದೆ ಎಂಬುದು ನನ್ನ ಅನುಮಾನ. ಮೂವತ್ತೆಂಟರ ಆಸುಪಾಸು ಬಿಸಿಲು. ಐದನೆಯ ಇನಿಂಗ್ಸ್‌ನಲ್ಲಿ ಎಡತುದಿ ಕೂದಲೆಳೆಯಷ್ಟು ಸಡಿಲಾದದ್ದು ನನಗೆ ಮಾತ್ರ ಗೊತ್ತಾಯಿತು. ಪಕ್ಕದವರು ಬೇಕೆಂದೇ ಬಿಸಿ ಚೀಸ್ ನಾಚೋಸ್ ಕೊಡಿಸಿದರು. ತಿಂದೆ, ಏನೂ ಆಗಲಿಲ್ಲ. ಪಂಥದ ದುಡ್ಡು ನಲವತ್ತು ಡಾಲರ್ ಬಂತು, ಟಿಕೆಟ್‌ಗೂ ಪಾರ್ಕಿಂಗ್‌ಗೂ ಸಾಲಲಿಲ್ಲ.

ಬೇಸಿಗೆಯ ಮೇಣ ಏಳೆಂಟು ಡಬ್ಬಿ ಮಿಕ್ಕಿದೆ, ಒಂದಕ್ಕೆ ಎಂಟು ಡಾಲರ್. ಕಾರ್ನೌಬಾ ಎಷ್ಟು ಎಂದು ಮಾತ್ರ ಯಾರೂ ಕೇಳಬೇಡಿ. ಚಳಿಗಾಲದಲ್ಲಿ ಇದನ್ನು ಹಚ್ಚಬೇಡಿ, ಕಲ್ಲಾಗಿ ಕೂದಲೇ ಮುರಿಯುತ್ತದೆ.