ಹಾರ್ಬಲ್‌ಡೌನ್ ಬಾವಿಯನ್ನು ದಾಖಲಿಸುವ ಕ್ರಮ

ಇಂಗ್ಲೆಂಡಿನ ಕ್ಯಾಂಟರ್ಬರಿಯ ಹೊರಗಿನ ಹಾರ್ಬಲ್‌ಡೌನ್‌ನಲ್ಲಿ, ಲಂಡನ್ ದಾರಿಯ ದಿಬ್ಬದ ಮೇಲೆ ಆರ್ಚ್‌ಬಿಷಪ್ ಲ್ಯಾನ್‌ಫ್ರಾಂಕ್ 1084ರ ಸುಮಾರಿಗೆ ಕುಷ್ಠರೋಗಿಗಳಿಗೆಂದು ಸೇಂಟ್ ನಿಕೋಲಸ್ ಆಸ್ಪತ್ರೆ ಕಟ್ಟಿಸಿದರು. ಅದರ ಕೆಳಗಿರುವುದು ‘ಬ್ಲ್ಯಾಕ್ ಪ್ರಿನ್ಸ್ ಬಾವಿ’. ಇದು ಹಗ್ಗ ಇಳಿಬಿಟ್ಟು ಸೇದುವ ಬಾವಿಯಲ್ಲ. ಮೆಟ್ಟಿಲಿಳಿದು ಮೊಗೆಯುವ, ಕಲ್ಲಿನ ಕಮಾನಿನಡಿಯ ಒರತೆ. ಇಂಥ ಬಾವಿಯಲ್ಲಿ ನಾನು ಕೆಲಸ ಮಾಡುವುದು ಹೀಗೆ.

ಮೊದಲು ಅನುಮತಿ. ಆಸ್ಪತ್ರೆಯ ಜಾಗದಲ್ಲಿ ಈಗಲೂ ವೃದ್ಧರು ವಾಸವಿದ್ದಾರೆ. ಆಮೇಲೆ ಫೋಟೋ: ಒಂದರಲ್ಲಿ ಕಂಡದ್ದರ ಶೇಕಡಾ 70ರಷ್ಟು ಮುಂದಿನದರಲ್ಲೂ ಬರುವಂತೆ, ಅಳತೆಪಟ್ಟಿ ಚೌಕಟ್ಟಿನೊಳಗೆ ಇಟ್ಟು. ಕಮಾನಿನ ನಡುಗಲ್ಲಿನ ಮೂರು ಗರಿಗಳ ಲಾಂಛನ ಸವೆದಿದೆ. ಎದುರಿನಿಂದ ಬೆಳಕು ಬಿಟ್ಟರೆ ಗೆರೆಗಳೇ ಕಾಣವು. ಟಾರ್ಚನ್ನು ಕಲ್ಲಿಗೆ ಬಹುತೇಕ ತಾಗಿಸಿ ಪಕ್ಕದಿಂದ ಹಾಯಿಸಬೇಕು. ಸೀಮೆಸುಣ್ಣ ತುಂಬಬಾರದು, ಪಾಚಿ ಉಜ್ಜಬಾರದು: ಮೆತ್ತನೆಯ ಕಲ್ಲಿನ ಮೇಲ್ಪದರವೂ ಜೊತೆಗೇ ಎದ್ದುಬರುತ್ತದೆ.

ನಕ್ಷೆಗೆ 1:20 ಪ್ರಮಾಣ ಸಾಕು. ಮಟ್ಟಸವಾಗಿ ದಾರ ಬಿಗಿದು, ಅಲ್ಲಿಂದ ತೂಗುಗುಂಡು ಇಳಿಸಿ 10 ಸೆಂ.ಮೀ.ಗೊಂದು ಅಳತೆ. ಸಂದಿಗಳನ್ನು ಬೇರೆಯಾಗಿಯೇ ಗುರುತಿಸುತ್ತೇನೆ. ಸುಣ್ಣದ ಗಾರೆ ತೇವವನ್ನು ಹೊರಬಿಡುತ್ತದೆ. ಸಿಮೆಂಟು ತೇಪೆ ಹಾಕಿದಲ್ಲಿ ತೇವ ಕಲ್ಲಿನಲ್ಲೇ ನಿಂತು, ಚಳಿಗಾಲದಲ್ಲಿ ಹೆಪ್ಪುಗಟ್ಟಿ, ಚಕ್ಕೆ ಏಳಿಸುತ್ತದೆ.

ನೀರಿನ ಕೆಲಸಕ್ಕೆ ಹೆಚ್ಚು ತಾಳ್ಮೆ ಬೇಕು. ಒರತೆಯ ಹರಿವನ್ನು ಅಳೆಯಲು, ಬಕೆಟ್ ಹಿಡಿಯಲು ಜಾಗವಿಲ್ಲದಿದ್ದರೆ 10 ಲೀಟರ್ ಮೊಗೆದು ಹೊರಹಾಕಿ, ಮಟ್ಟ ಮೊದಲಿನ ಗುರುತಿಗೆ ಬರುವವರೆಗೆ ಸಮಯ ನೋಡುತ್ತೇನೆ. 50 ಸೆಕೆಂಡು ಹಿಡಿದರೆ ನಿಮಿಷಕ್ಕೆ 12 ಲೀಟರ್. ಹಿಂದಿನ ವಾರದ ಮಳೆಯನ್ನು ಬರೆದಿಡದಿದ್ದರೆ ಈ ಅಂಕಿಯಿಂದ ಉಪಯೋಗವಿಲ್ಲ. ಉಷ್ಣತೆಯನ್ನು ಬೇಸಿಗೆ, ಚಳಿಗಾಲ ಎರಡರಲ್ಲೂ ಅಳೆಯಬೇಕು: ಹೆಚ್ಚು ಬದಲಾಗದಿದ್ದರೆ ಅಂತರ್ಜಲ, ಏರಿಳಿದರೆ ನೆಲದ ಮೇಲಿನ ನೀರು ಸೇರುತ್ತಿದೆ. ಎಷ್ಟು ತಿಳಿಯಾಗಿದ್ದರೂ ಪರೀಕ್ಷೆಯಿಲ್ಲದೆ ಕುಡಿಯಬಾರದು.

ಟಿಪ್ಪಣಿಯಲ್ಲಿ ಕಂಡದ್ದಕ್ಕೂ ಕೇಳಿದ್ದಕ್ಕೂ ಬೇರೆ ಪುಟ. ‘ಬ್ಲ್ಯಾಕ್ ಪ್ರಿನ್ಸ್’ ಎಂದು ಹೆಸರಾದ, 1376ರಲ್ಲಿ ತೀರಿಕೊಂಡ ರಾಜಕುಮಾರ ಎಡ್ವರ್ಡ್ ಇದರ ನೀರನ್ನು ಬಯಸಿ ಕುಡಿದನೆಂಬುದು ಪ್ರತೀತಿ. ಮೂರು ಗರಿ ಅವನ ಲಾಂಛನವಾದರೂ ಕಲ್ಲಿನ ಗರಿಗಳು ಅದಕ್ಕೆ ಸಾಕ್ಷಿಯಾಗಲಾರವು. ನೀರು ಕುಷ್ಠ ವಾಸಿಮಾಡಿತೆಂದೂ ಬರೆಯುವುದಿಲ್ಲ. ರೋಗಾಣುವನ್ನು ನಾರ್ವೆಯ ವೈದ್ಯ ಹ್ಯಾನ್ಸನ್ ಗುರುತಿಸಿದ್ದೇ 1873ರಲ್ಲಿ. ಸ್ಪರ್ಶಜ್ಞಾನ ಹೋದ ಕೈಕಾಲಿನ ಗಾಯ ತೊಳೆಯಲು, ಬಟ್ಟೆ ಒಗೆಯಲು, ಅಡುಗೆಗೆ ದಿನವೂ ಶುದ್ಧ ನೀರು ಬೇಕಿತ್ತು. ಒರತೆ ಹತ್ತಿರವಿದ್ದದ್ದೇ ದೊಡ್ಡ ಆಸರೆ.

ತಳದ ಹೂಳನ್ನು ಮುಟ್ಟುವುದಿಲ್ಲ. ಅದನ್ನು ಪದರಪದರವಾಗಿ ತೆಗೆಯುವುದು ಪುರಾತತ್ವಜ್ಞರ ಕೆಲಸ; ಒಮ್ಮೆ ಕಲಕಿದರೆ ಯಾವುದು ಯಾವ ಕಾಲದ್ದೆಂದು ಹೇಳಲಾಗದು.